ಓದುಗರ ಪ್ರಶ್ನೆ: ಆಕಾಶದ ಹಳೇ ಲೆಕ್ಕವನ್ನು ರದ್ದಿಗೆ ಹಾಕಬಹುದಾ?

ಪ್ರಶ್ನೆ: ಸೂರ್ಯನನ್ನು ನೋಡೋಕೆ ಈಗ ಇಸ್ರೋದ ಆದಿತ್ಯ-ಎಲ್1 ನೌಕೆ ಇದೆ. ಆದರೂ ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣಗಳಿರೋ ಭಾಗ) ಹಳೇ ರಿಜಿಸ್ಟರ್, ಫಿಲ್ಮ್ ರೀಲು ಕಾಪಾಡಬೇಕು ಅಂತಾರೆ. ಅಂಕಿಗಳನ್ನಷ್ಟೇ ಟೈಪ್ ಮಾಡಿಕೊಂಡು ಪುಸ್ತಕ ರದ್ದಿಗೆ ಹಾಕಿದರೆ ಆಗಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಬೇಡ ಮಾರಾಯ್ರೇ!

1859ರ ಸೆಪ್ಟೆಂಬರಿನಲ್ಲಿ ಭಾರೀ ಸೌರ ಬಿರುಗಾಳಿ ಭೂಮಿಗೆ ಬಡಿಯಿತು. ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿತು. ಯುರೋಪಿನ ಕೆಲವು ಕಡೆ ಭೂಮಿಯ ಕಾಂತಕ್ಷೇತ್ರ ಅಳೆಯುವ ಕಾಂತಮಾಪಕದ ಗೆರೆ ಕಾಗದ ದಾಟಿ ಹೋಯಿತು, ಅಳತೆಯೇ ಸಿಗಲಿಲ್ಲ. ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಮಾತ್ರ ಸಿಬ್ಬಂದಿ ಕಣ್ಣಲ್ಲಿ ನೋಡಿ ಅಂಕಿ ಬರೆಯುತ್ತಲೇ ಇದ್ದರು. ಅದನ್ನು ಮತ್ತೆ ತೆಗೆದು ಲೆಕ್ಕ ಹಾಕಿ ವಿಜ್ಞಾನಿಗಳು ಪ್ರಕಟಿಸಿದ್ದು 2003ರಲ್ಲಿ: ಭೂಮಿಯ ಕಾಂತಕ್ಷೇತ್ರದಲ್ಲಿ ಸುಮಾರು 1600 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಅಳತೆ) ಕುಸಿತ. ನೂರು ದಾಟಿದರೇ ಜೋರು ಬಿರುಗಾಳಿ ಅನ್ನುತ್ತೇವೆ, ಇದು ಎಂಥದ್ದು ನೋಡಿ. ಬರೆದಿಟ್ಟವರಿಗೆ ಉಪಗ್ರಹವೂ ಗೊತ್ತಿಲ್ಲ, ಜಿಪಿಎಸ್ಸೂ ಗೊತ್ತಿಲ್ಲ.

ಇನ್ನು ಅಂಕಿ ಮಾತ್ರ ಸಾಕಾ ಅನ್ನೋದು. ಅಯಾನೊಸೋಂಡ್ ಅನ್ನೋ ಯಂತ್ರ ಸುಮಾರು 1ರಿಂದ 20 ಮೆಗಾಹರ್ಟ್ಸ್‌ವರೆಗಿನ ರೇಡಿಯೊ ತರಂಗಗಳನ್ನು ಮೇಲಕ್ಕೆ ಕಳಿಸಿ ಪ್ರತಿಧ್ವನಿಯನ್ನು ಹಿಡಿಯುತ್ತದೆ. ಹಿಂದೆ ಅದು ಫಿಲ್ಮಿನ ಮೇಲೆ ಮೂಡುತ್ತಿತ್ತು, ಗಂಟೆಗೊಂದು ಚಿತ್ರವನ್ನು ಯಾರೋ ಕೂತು ಓದಿ ಪಟ್ಟಿಯಲ್ಲಿ ತುಂಬುತ್ತಿದ್ದರು. ಆ ಪಟ್ಟಿಯಲ್ಲಿ ಕೆಲವು ಮನೆಗಳಲ್ಲಿ ಅಂಕಿಯೇ ಇರಲ್ಲ, ಬರೀ ಒಂದು ಅಕ್ಷರ. ‘ಸಿ’ ಅಂದರೆ ಯಂತ್ರ ಕೆಟ್ಟಿತ್ತು, ಅಥವಾ ಕರೆಂಟು ಹೋಗಿತ್ತು. ‘ಬಿ’ ಅಂದರೆ ಅಯಾನುಗೋಳದ ಕೆಳಗಿನ ಪದರವೇ ತರಂಗವನ್ನು ನುಂಗಿಹಾಕಿತ್ತು, ಸೂರ್ಯನಲ್ಲಿ ದೊಡ್ಡ ಜ್ವಾಲೆ ಎದ್ದಾಗ ಹೀಗಾಗುತ್ತದೆ. ಹಾಜರಿ ಪುಸ್ತಕದಲ್ಲಿ ರಜೆಗೂ ಗೈರಿಗೂ ಇರೋ ವ್ಯತ್ಯಾಸ ಇದು. ಟೈಪ್ ಮಾಡುವವರು ಎರಡನ್ನೂ ‘ಖಾಲಿ’ ಅಂತ ಬಿಟ್ಟರೆ ಸೌರಜ್ವಾಲೆಯೂ ಕರೆಂಟು ಹೋಗಿದ್ದೂ ಒಂದೇ ಆಗಿಬಿಡುತ್ತದೆ!

ಇನ್ನೊಂದು ತಾಪತ್ರಯ ಇದೆ. ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಕೆಳಗೆ ಬಿಸಿ, ತೀರಾ ಮೇಲೆ ಮಾತ್ರ ತಂಪು. ಅದರಿಂದ ಅಯಾನುಗೋಳದ ಪದರಗಳು ನಿಧಾನಕ್ಕೆ ಕೆಳಗಿಳಿಯಬೇಕು ಅಂತ 1990ರ ಹೊತ್ತಿಗೇ ಲೆಕ್ಕ ಹಾಕಿದ್ದರು. ನಿಜಾನಾ ಅಂತ ನೋಡೋಕೆ ದಶಕಗಳ ಡೇಟಾ ಬೇಕು, ಅದೂ ಒಂದೇ ಜಾಗದ್ದು. ನಡುವೆ ಯಾವತ್ತೋ ಯಂತ್ರ ಬದಲಾಯಿಸಿ ಆ ವಿಷಯ ಬರೆದ ಡೈರಿಯನ್ನೇ ಎಸೆದಿದ್ದರೆ, ಹೊಸ ಯಂತ್ರ ತಂದ ವ್ಯತ್ಯಾಸವನ್ನೇ ಆಕಾಶದ್ದು ಅಂದುಕೊಳ್ಳುತ್ತೇವೆ. ಭಾರತದ ಹಳೇ ಪಟ್ಟಿಗಳಲ್ಲಿ 75 ಡಿಗ್ರಿ ರೇಖಾಂಶದ ಸಮಯ ಬಳಸಿದ್ದೂ ಉಂಟು, ನಮ್ಮ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಪುಟದ ತಲೆಬರಹ ಹೋದರೆ ಅದೂ ಹೋಯಿತು.

ಹಾಗಾಗಿ ಸ್ಕ್ಯಾನ್ ಮಾಡಿ, ಖಂಡಿತ ಮಾಡಿ. ಆದರೆ ಇಡೀ ಪುಟ ಮಾಡಿ, ಮೂಲವನ್ನೂ ಇಟ್ಟುಕೊಳ್ಳಿ.

ಪ್ರಶ್ನೆ: ಇಂಥ ಡೇಟಾ ನಮ್ಮಂಥವರಿಗೆ ಸಿಗುತ್ತಾ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಸಿಗುತ್ತೆ. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷಕ್ಕೆಂದೇ ವಿಶ್ವ ಡೇಟಾ ಕೇಂದ್ರಗಳನ್ನು ಶುರು ಮಾಡಿದರು. ಶೀತಲ ಸಮರದ ನಡುವೆಯೂ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಕಡೆ ಪ್ರತಿ ಇಡುವ ಏರ್ಪಾಡಿತ್ತು, ನನಗೆ ಇವತ್ತಿಗೂ ಇದು ಆಶ್ಚರ್ಯವೇ. ಕೊಡೈಕನಾಲ್‌ನಲ್ಲಿ 20ನೇ ಶತಮಾನದ ಆರಂಭದಿಂದ ತೆಗೆದ ಸೂರ್ಯನ ಫೋಟೊ ಪ್ಲೇಟುಗಳನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಡಿಜಿಟಲ್ ಮಾಡಿದೆ. ಆದಿತ್ಯ-ಎಲ್1ರ ಡೇಟಾ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಇಸ್ರೋ ಕೇಂದ್ರದ ‘ಪ್ರದಾನ್’ ಜಾಲತಾಣದಲ್ಲಿದೆ. ಹೆಸರು ನೋಂದಾಯಿಸಿಕೊಂಡು ಇಳಿಸಿಕೊಳ್ಳಿ. ಕಡತಗಳು ಖಗೋಳ ವಿಜ್ಞಾನಿಗಳು ಬಳಸುವ ‘ಫಿಟ್ಸ್’ ರೂಪದಲ್ಲಿದ್ದರೆ ಮೊಬೈಲಿನಲ್ಲಿ ಸುಮ್ನೆ ಒತ್ತಿದರೆ ತೆರೆಯಲ್ಲ, ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಸ್ವಲ್ಪ ಕಲಿತುಕೊಳ್ಳಿ.