ಹಸು ನಿಜವಾಗಿಯೂ ಬಯಲಿನಲ್ಲಿ ಮೇಯ್ದಿದೆಯೇ ಎಂಬುದನ್ನು ಕಾರ್ಬನ್ ಐಸೋಟೋಪ್‌ಗಳಿಂದ ತಿಳಿಯಬಹುದೇ?

‘ಬಯಲಿನಲ್ಲಿ ಮೇಯ್ದ ಹಸುವಿನ ಹಾಲು’ ಎಂದು ಹೇಳಿ ಹೆಚ್ಚಿನ ಬೆಲೆಗೆ ಮಾರುವವರ ಮಾತನ್ನು ಕರ್ನಾಟಕದಲ್ಲಿ ಕಾರ್ಬನ್ ಐಸೋಟೋಪ್ ಪರೀಕ್ಷೆಯಿಂದ ಪರಿಶೀಲಿಸಬಹುದೇ ಎಂದು ನೀವು ಕೇಳಿದ್ದೀರಿ. ಈ ಬಗೆಯ ಮಾಪನಗಳೊಡನೆ ಕೆಲಸ ಮಾಡಿದ ಅನುಭವದಿಂದ ಉತ್ತರಿಸುತ್ತಿದ್ದೇನೆ. ಭಾಗಶಃ ಸಾಧ್ಯ. ಆದರೆ ಯುರೋಪಿನಲ್ಲಿ ಈ ಪರೀಕ್ಷೆ ಬಯಲಿಗೆಳೆಯುವ ಸಂಗತಿ ಒಂದು, ನಮ್ಮ ಬಯಲುಸೀಮೆಯಲ್ಲಿ ಅದು ಬಯಲಿಗೆಳೆಯುವ ಸಂಗತಿ ಇನ್ನೊಂದು.

ಒಂದೇ ಮೂಲವಸ್ತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳೇ ಐಸೋಟೋಪ್‌ಗಳು. ಪ್ರಕೃತಿಯಲ್ಲಿರುವ ಇಂಗಾಲದಲ್ಲಿ (ಕಾರ್ಬನ್) ಶೇಕಡ 1.1ರಷ್ಟು ಮಾತ್ರ ತುಸು ಭಾರವಾದ ಕಾರ್ಬನ್-13. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಕಾರ್ಬನ್-12. ಭತ್ತ, ಗೋಧಿ, ದ್ವಿದಳ ಧಾನ್ಯಗಳು ಮತ್ತು ಬಹುತೇಕ ಎಲ್ಲ ಮರಗಿಡಗಳು ಸಿ3 ಎಂಬ ಮಾರ್ಗದಲ್ಲಿ ದ್ಯುತಿಸಂಶ್ಲೇಷಣೆ ನಡೆಸುತ್ತವೆ. ಆ ಮಾರ್ಗದ ಮೊದಲ ಕಿಣ್ವವಾದ ರುಬಿಸ್ಕೊ ಭಾರದ ಇಂಗಾಲವನ್ನು ಗಣನೀಯವಾಗಿ ದೂರವಿಡುತ್ತದೆ. ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು, ಗರಿಕೆ ಮತ್ತು ಬಿಸಿಲುನಾಡಿನ ಬಹುಪಾಲು ಹುಲ್ಲುಗಳು ಸಿ4 ಮಾರ್ಗದವು. ಅವು ಬೇರೊಂದು ಕಿಣ್ವದಿಂದ ಇಂಗಾಲವನ್ನು ಹಿಡಿಯುವುದರಿಂದ ಭಾರದ ಇಂಗಾಲವನ್ನು ದೂರವಿಡುವುದು ಕಡಿಮೆ. ಅಂತರರಾಷ್ಟ್ರೀಯ ಮಾನಕವೊಂದಕ್ಕೆ ಹೋಲಿಸಿ ಸಾವಿರಕ್ಕೆ ಎಷ್ಟು ಎಂಬ ಲೆಕ್ಕದಲ್ಲಿ ಹೇಳುವುದಾದರೆ ಸಿ3 ಸಸ್ಯಗಳು ಸರಾಸರಿ −27ರ ಆಸುಪಾಸಿನಲ್ಲಿಯೂ ಸಿ4 ಸಸ್ಯಗಳು −13ರ ಆಸುಪಾಸಿನಲ್ಲಿಯೂ ಇರುತ್ತವೆ, ಮತ್ತು ಎರಡು ಗುಂಪುಗಳು ಒಂದರ ಮೇಲೊಂದು ಬೀಳುವುದಿಲ್ಲ. ಪ್ರಾಣಿಯ ದೇಹದ ಇಂಗಾಲ ಅದರ ಆಹಾರದ್ದೇ ಆಗಿರುವುದರಿಂದ ಈ ಗುರುತು ದೇಹಕ್ಕೂ ಇಳಿಯುತ್ತದೆ. 1978ರಲ್ಲಿ ವಿಜ್ಞಾನಿಗಳಾದ ಡಿನಿರೊ ಮತ್ತು ಎಪ್‌ಸ್ಟೀನ್ ಅವರು ಗೊತ್ತಿರುವ ಆಹಾರವನ್ನು ಕೊಟ್ಟು ಸಾಕಿದ ಪ್ರಾಣಿಗಳಲ್ಲಿ ಇದನ್ನು ತೋರಿಸಿದರು.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯವೆಂದರೆ, ಈ ಅಂಕಿ ದ್ಯುತಿಸಂಶ್ಲೇಷಣೆಯ ಮಾರ್ಗವನ್ನು ಹೇಳುತ್ತದೆಯೇ ಹೊರತು ಸಸ್ಯದ ಹೆಸರನ್ನಲ್ಲ. ಐರ್ಲೆಂಡಿನ ಹುಲ್ಲುಗಾವಲು ತಂಪುನಾಡಿನ ಸಿ3 ಹುಲ್ಲಿನದು, ಕೊಟ್ಟಿಗೆಯಲ್ಲಿ ಕೊಡಬಹುದಾದ ಮೆಕ್ಕೆಜೋಳ ಸಿ4. ಆದ್ದರಿಂದ ಅಲ್ಲಿ ಅಂಕಿ ಮೇಲಕ್ಕೆ, ಅಂದರೆ −13ರ ಕಡೆಗೆ, ಸರಿದರೆ ಮೆಕ್ಕೆಜೋಳದ ಅನುಮಾನ ಸಹಜವಾಗಿ ಹುಟ್ಟುತ್ತದೆ. ನಮ್ಮಲ್ಲಿ ಬಯಲಿನ ಹುಲ್ಲೂ ಸಿ4, ನೇಪಿಯರ್ ಹುಲ್ಲೂ ಸಿ4, ರಾಗಿ ಹುಲ್ಲು, ಜೋಳದ ದಂಟು, ಮೆಕ್ಕೆಜೋಳದ ಸೈಲೇಜ್ (ಹುದುಗಿಸಿಟ್ಟ ಹಸಿ ಮೇವು) ಎಲ್ಲವೂ ಸಿ4. ಹೀಗಾಗಿ ವರ್ಷವಿಡೀ ಗೂಟಕ್ಕೆ ಕಟ್ಟಿ ಮೆಕ್ಕೆಜೋಳ ತಿನ್ನಿಸಿದ ಹಸುವನ್ನೂ ಗೋಮಾಳದಲ್ಲಿ ಮೇಯ್ದ ಹಸುವನ್ನೂ ಇಂಗಾಲ ಬೇರ್ಪಡಿಸಲಾರದು. ಅದರ ಬದಲು ಗೋಧಿ ಬೂಸಾ, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ, ಭತ್ತದ ಹುಲ್ಲು ಇವೆಲ್ಲ ಸಿ3 ಆದ್ದರಿಂದ ಇವುಗಳ ಪಾಲು ಸ್ಪಷ್ಟವಾಗಿ ಕಾಣುತ್ತದೆ. ಬಯಲಿನ ಹುಲ್ಲನ್ನಲ್ಲದೆ ಬೇರೇನನ್ನೂ ತಿಂದಿಲ್ಲ ಎಂದು ಹೇಳಿದ ಹಸುವಿನ ಅಂಕಿ ಸಿ3 ಕಡೆಗೆ ವಾಲಿದರೆ ಮಾತ್ರ ನೀವು ವಿವರಣೆ ಕೇಳಬಹುದು. ಆಗಲೂ ಅದು ಬೂಸಾ, ಹಿಂಡಿಯೋ ಬೇಲಿಯ ಸೊಪ್ಪೋ ಎಂಬ ಪ್ರಶ್ನೆ ಉಳಿಯುತ್ತದೆ. ಕುರಿ ಎಷ್ಟು ಹುಲ್ಲು ಮೇಯುತ್ತದೆ, ಮೇಕೆ ಎಷ್ಟು ಸೊಪ್ಪು ತಿನ್ನುತ್ತದೆ ಎಂಬ ಪ್ರಶ್ನೆಗಾದರೆ ನಮ್ಮ ಒಣನಾಡು ಈ ವಿಧಾನಕ್ಕೆ ಹೇಳಿ ಮಾಡಿಸಿದ ಜಾಗ.

ಲೆಕ್ಕ ಸರಳವಾಗಿದೆ. ಕೂದಲಿನ ಅಂಕಿ ಆಹಾರದ ಅಂಕಿಗಿಂತ ಸುಮಾರು 3ರಷ್ಟು ಮೇಲಿರುತ್ತದೆ. ನಿಮ್ಮೂರಿನ ಸಿ3 ಮೇವು −28, ಸಿ4 ಮೇವು −13 ಎಂದು ಅಳೆದಿದ್ದರೆ ಕೂದಲಿನ ಎರಡು ತುದಿಗಳು −25 ಮತ್ತು −10; ಕೂದಲು −16 ಬಂದರೆ ಶೇಕಡ 60 ಸಿ4 ಎಂದಾಯಿತು. ಆದರೆ ಈ ಶೇಕಡವಾರನ್ನು ತೂಕದ ಪಾಲೆಂದು ಓದಬಾರದು. ಕೂದಲು ಬೆಳೆಯುವುದು ಮುಖ್ಯವಾಗಿ ಪ್ರೋಟೀನಿನಿಂದ. ಹಿಂಡಿಯಲ್ಲಿ ಪ್ರೋಟೀನು ಹೆಚ್ಚು, ಒಣ ದಂಟಿನಲ್ಲಿ ಕಡಿಮೆ, ಆದ್ದರಿಂದ ಹಿಂಡಿಯ ಪಾಲು ಕೂದಲಿನಲ್ಲಿ ಉಬ್ಬಿ ಕಾಣುತ್ತದೆ. ಸಗಣಿಯಲ್ಲಿ ಇದಕ್ಕೆ ವಿರುದ್ಧವಾಗಿ ಜೀರ್ಣವಾಗದೆ ಉಳಿದ ಒರಟು ಮೇವಿನ ಪಾಲು ಹೆಚ್ಚುತ್ತದೆ. ದಕ್ಷಿಣ ಭಾರತದ ಆನೆಗಳ ಮೂಳೆಯಲ್ಲಿರುವ ಕೊಲ್ಯಾಜನ್ ಎಂಬ ಪ್ರೋಟೀನಿನ ಕುರಿತು ವಿಜ್ಞಾನಿಗಳಾದ ಬೆಂಗಳೂರಿನ ಆರ್. ಸುಕುಮಾರ್ ಮತ್ತು ಅಹಮದಾಬಾದಿನ ಆರ್. ರಮೇಶ್ ನಡೆಸಿದ ಅಧ್ಯಯನದಲ್ಲಿ ವಯಸ್ಕ ಆನೆಗಳ ಅಂಕಿ ಮರಗಿಡಗಳ ಕಡೆಗೆ ವಾಲಿತ್ತು. ಅಂಥ ಫಲಿತಾಂಶವನ್ನೂ ಸೊಪ್ಪಿನ ಪ್ರೋಟೀನನ್ನು ಗಮನದಲ್ಲಿಟ್ಟುಕೊಂಡೇ ಓದಬೇಕೆಂದು ನನ್ನ ಅಭಿಪ್ರಾಯ. ಇನ್ನೊಂದು ಎಚ್ಚರಿಕೆ: ಬರಗಾಲದಲ್ಲಿ ಪಾಪಾಸುಕಳ್ಳಿ ತಿನ್ನಿಸಿದ್ದರೆ ಅದು ಸಿ4 ಹುಲ್ಲಿನಂತೆಯೇ ಕಾಣುತ್ತದೆ.

ಯಾವ ಮಾದರಿಯನ್ನು ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ಯಾವ ಕಾಲದ ಆಹಾರ ತಿಳಿಯುತ್ತದೆ ಎಂಬುದು ನಿಂತಿದೆ. ಸಗಣಿ ಕೆಲವು ದಿನಗಳದ್ದನ್ನು ಹೇಳುತ್ತದೆ, ಹಾಲು ಕೆಲವು ದಿನ ಅಥವಾ ವಾರಗಳದ್ದನ್ನು, ಮಾಂಸ ತಿಂಗಳುಗಳದ್ದನ್ನು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್, ಹಲ್ಲು ಮೂಡುವಾಗಿನ ಆಹಾರವನ್ನು ಶಾಶ್ವತವಾಗಿ ಹಿಡಿದಿಟ್ಟುಕೊಳ್ಳುವುದರಿಂದ ಪುರಾತತ್ತ್ವಜ್ಞರಿಗೆ ಅದೇ ಪ್ರಿಯ. ಗುಜರಾತಿನ ಬಗಸರಾ ಎಂಬ ಸಿಂಧೂ ನಾಗರಿಕತೆಯ ನೆಲೆಯಲ್ಲಿ ಸಿಕ್ಕ ದನಗಳ ಹಲ್ಲುಗಳು ಬಹುಪಾಲು ಸಿ4 ಮೇವನ್ನು ತೋರಿಸಿದವು. ಅಲ್ಲಿಯೂ ಕಾಡುಹುಲ್ಲು ಮತ್ತು ಕಿರುಧಾನ್ಯದ ಮೇವು ಎರಡೂ ಸಿ4 ಆಗಿರಬಹುದಾದ್ದರಿಂದ, ಹೊಲದ ಮೇವೆಂದು ಹೇಳಬೇಕಾದರೆ ಬೇರೆ ಸಾಕ್ಷ್ಯಗಳನ್ನು ಜೋಡಿಸಲೇಬೇಕು.

ನಿಮ್ಮ ಉದ್ದೇಶಕ್ಕೆ ನಾನು ಸೂಚಿಸುವುದು ಬಾಲದ ಕೂದಲನ್ನು. ಅದು ದಿನಕ್ಕೆ ಸುಮಾರು ಮುಕ್ಕಾಲು ಮಿಲಿಮೀಟರ್ ಬೆಳೆಯುವುದರಿಂದ 30 ಸೆಂಟಿಮೀಟರ್ ಉದ್ದದ ಕೂದಲಿನಲ್ಲಿ ಒಂದು ವರ್ಷಕ್ಕೂ ಮೀರಿದ ದಾಖಲೆ ಇರುತ್ತದೆ. ಚರ್ಮಕ್ಕೆ ಹತ್ತಿರದಲ್ಲಿ ಕತ್ತರಿಸಿ, ಬುಡದ ತುದಿ ಯಾವುದೆಂದು ಗುರುತು ಹಾಕಿ, ಜಿಡ್ಡು ತೊಳೆದು ಸೆಂಟಿಮೀಟರಿಗೊಂದು ತುಂಡಿನಂತೆ ಅಳೆಯಿಸಿದರೆ ಮಳೆಗಾಲದ ಹಸಿರು ಹುಲ್ಲಿನಿಂದ ಬೇಸಿಗೆಯ ಭತ್ತದ ಹುಲ್ಲು ಮತ್ತು ಬೂಸಾದ ಕಡೆಗೆ ಆಹಾರ ಸರಿದ ತಿಂಗಳನ್ನು ಗುರುತಿಸಬಹುದು. ಜೊತೆಗೆ ಅದೇ ಊರಿನ ಹುಲ್ಲು, ಸೊಪ್ಪು, ಹಿಂಡಿ, ಬೂಸಾಗಳ ಮಾದರಿಗಳನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ. ಸಿ3 ಸಸ್ಯಗಳ ಅಂಕಿ ನೆರಳು ಮತ್ತು ನೀರಿನ ಕೊರತೆಗೆ ತಕ್ಕಂತೆ ಬದಲಾಗುವುದರಿಂದ ಪುಸ್ತಕದ ಸರಾಸರಿಯನ್ನು ನೆಚ್ಚಿಕೊಳ್ಳುವುದು ಸರಿಯಲ್ಲ. ಮೆಕ್ಕೆಜೋಳವೋ ಬಯಲು ಹುಲ್ಲೋ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಐಸೋಟೋಪ್‌ಗೆ ಹಣ ಹಾಕಬೇಡಿ. ಸಗಣಿಯಲ್ಲಿ ಉಳಿದ ಸಸ್ಯದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಅಥವಾ ಅದರಲ್ಲಿರುವ ಸಸ್ಯದ ಡಿಎನ್‌ಎ ಪರೀಕ್ಷೆ ಮಾಡಿಸುವುದು ಹೆಚ್ಚು ಉಪಯುಕ್ತ.