ಹಾಸನಾಂಬೆಯ ಬಾಗಿಲು ಯಾವಾಗ?

ಪ್ರಶ್ನೆ: ದೀಪಾವಳಿಗೆ ಹಾಸನಕ್ಕೆ ಬರುತ್ತಿದ್ದೇವೆ. ಹಾಸನಾಂಬೆಯ ದರ್ಶನ ಆಗುತ್ತದೆಯೇ, ಅಕ್ಕಾ?

ಉತ್ತರ: ಖಂಡಿತ ಬನ್ನಿ, ತಂಗಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆರೆಯುತ್ತದೆ. ಗರ್ಭಗುಡಿಯ ಎದುರು ನೆಟ್ಟ ಬಾಳೆಕಂದು ಕಡಿದ ಮೇಲೆಯೇ ತೆರೆಯುವುದು. ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚಿದರೆ ಮತ್ತೆ ಮುಂದಿನ ವರ್ಷವೇ. ಮೊದಲ ದಿನ, ಕೊನೆಯ ದಿನ ಸಾರ್ವಜನಿಕರಿಗೆ ದರ್ಶನವಿಲ್ಲ. ಅದನ್ನು ನೋಡಿಕೊಂಡು ಹೊರಡಿ.

ಒಳಗೆ ಕಡೆದ ಮೂರ್ತಿ ಹುಡುಕಬೇಡಿ. ದೇವಿ ಇರುವುದು ಹುತ್ತದ ರೂಪದಲ್ಲಿ. ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ಸಾಲಿನಲ್ಲಿ ನಿಂತಾಗ, ಅವರು ಸೊಸೆ ಕಲ್ಲಿನ ಕಥೆ ಹೇಳುತ್ತಿದ್ದರು. ಅತ್ತೆಯ ಕಾಟಕ್ಕೆ ನೊಂದು ಕಲ್ಲಾದ ಸೊಸೆ ವರ್ಷಕ್ಕೊಂದು ಭತ್ತದ ಕಾಳಿನಷ್ಟು ದೇವಿಯ ಕಡೆ ಸರಿಯುತ್ತಾಳಂತೆ. ನನಗೆ ಈಗಲೂ ಆ ಕಲ್ಲು ಕಂಡರೆ ಕಣ್ಣು ತುಂಬುತ್ತದೆ.

ಪಕ್ಕದಲ್ಲೇ ಸಿದ್ದೇಶ್ವರನ ಗುಡಿ ಇದೆ. ಬಿಡಬೇಡಿ.