ಕೊಂಬು ನೋಡಿ, ಕುಚ್ಚು ನೋಡಿ, ಬಣ್ಣ ಆಮೇಲೆ

ಕೊಡಗಿಗೆ ಕಡಲಿಲ್ಲ. ಆದರೂ ಈ ಸಲ ಬಂದ ಪ್ರಶ್ನೆಗಳಲ್ಲಿ ಕಡಲಿನವೇ ಜಾಸ್ತಿ. ಕಾರಣ ಊಹಿಸುವುದು ಕಷ್ಟವಲ್ಲ. ಕಾಫಿ ಕೊಯ್ಲು ಮುಗಿಯಿತು, ಕಣದಲ್ಲಿ ಒಣಗಿದ್ದು ಮೂಟೆ ಸೇರಿತು, ಮಕ್ಕಳಿಗೆ ರಜೆ ಬಂತು. ಕೆಲವರು ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಡೈವ್ ಮಾಡಿದ್ದಾರೆ. ಕೆಲವರು ಅಂಡಮಾನ್, ಲಕ್ಷದ್ವೀಪದವರೆಗೂ ಹೋಗಿ ಬಂದಿದ್ದಾರೆ. ಎಲ್ಲರ ಫೋನಿನಲ್ಲೂ ಬೆರಳುದ್ದದ, ಯಾರೋ ಕೂತು ಬಣ್ಣ ಬಳಿದಂತಿರುವ ಹುಳುವಿನ ಫೋಟೋ. ಎಲ್ಲರದೂ ಒಂದೇ ಪ್ರಶ್ನೆ: ಇದ್ಯಾವುದು?

ಡೈವಿಂಗ್ ಗೈಡುಗಳು ಇದನ್ನು ನ್ಯೂಡಿಬ್ರಾಂಕ್ ಅನ್ನುತ್ತಾರೆ. ಬತ್ತಲೆ ಕಿವಿರಿನದು ಅಂತ ಅರ್ಥ. ನಾನು ಕಡಲಬಸವ ಅಂತ ಕರೆಯುತ್ತೇನೆ. ನಮ್ಮ ಬಸವನ ಹುಳುವಿನ ನೆಂಟನೇ ಇದು. ಮರಿಯಾಗಿದ್ದಾಗ ಚಿಪ್ಪಿರುತ್ತದೆ, ಬೆಳೆಯುವಾಗ ಕಳಚಿ ಬಿಸಾಡುತ್ತದೆ. ಕೊಂಬು ಮಾತ್ರ ಬಿಡುವುದಿಲ್ಲ.

ಪ್ರಶ್ನೆ (ಗೋಣಿಕೊಪ್ಪದಿಂದ): ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಸುಮಾರು 14 ಮೀಟರ್ ಆಳದಲ್ಲಿ ಕಂಡದ್ದು. ಕಪ್ಪು ಮೈ, ಉದ್ದಕ್ಕೆ ನೀಲಿ ದಿಣ್ಣೆಗಳು, ಅದರ ಮೇಲೆ ಹಳದಿ ಗುಳ್ಳೆಗಳು. ಸುಮಾರು 6 ಸೆಂಟಿಮೀಟರ್. ನ್ಯೂಡಿಬ್ರಾಂಕ್ ಅಂದರೆ ಬೆನ್ನ ಮೇಲೆ ಹೂವಿನಂಥ ಕಿವಿರು ಇರಬೇಕು ಅಂತ ಓದಿದ್ದೆ. ಇದಕ್ಕೆ ಅದಿಲ್ಲ. ಹಾಗಾದರೆ ಇದು ಬೇರೆ ಏನಾದರೂ ಇರಬಹುದೇ?

ಉತ್ತರ: ಇದು ನ್ಯೂಡಿಬ್ರಾಂಕೇ. ಹೆಸರು ಫಿಲಿಡಿಯಾ ವೆರಿಕೋಸಾ. ಕಿವಿರು ಇದೆ, ನಿಮಗೆ ಕಾಣಲಿಲ್ಲ ಅಷ್ಟೇ. ಈ ಕುಟುಂಬದಲ್ಲಿ ಕಿವಿರು ಬೆನ್ನ ಮೇಲೆ ಅರಳುವುದಿಲ್ಲ. ಮೈಯ ಅಂಚಿನ ಕೆಳಗೆ, ಲಂಗದ ಒಳಗಿನ ನೆರಿಗೆಯ ಹಾಗೆ ಅಡಗಿರುತ್ತದೆ. ಬೇರೆ ಬಹಳಷ್ಟು ಕಡಲಬಸವಗಳಿಗೆ ಕಿವಿರಿನ ಕುಚ್ಚು ಬೆನ್ನಿನ ಹಿಂಭಾಗದಲ್ಲಿರುತ್ತದೆ. ಕೊಡವತಿಯರ ಸೀರೆಯ ನೆರಿಗೆ ಹಿಂದಿರುತ್ತದಲ್ಲ, ಹಾಗೆ.

ಇದನ್ನೇ ಹೋಲುವವು ಎರಡಿವೆ. ಗುಳ್ಳೆಗಳು ಗುಲಾಬಿ ಛಾಯೆಯವಾಗಿದ್ದು ಕೊಂಬು ಕಪ್ಪಾಗಿದ್ದರೆ ಅದು ಫಿಲಿಡಿಯೆಲ್ಲಾ ಪುಸ್ಟುಲೋಸಾ. ನಿಮ್ಮ ಫೋಟೋದಲ್ಲಿ ಕೊಂಬು ಹಳದಿ, ಹಾಗಾಗಿ ಅದಲ್ಲ. ಇನ್ನೊಂದು ಫಿಲಿಡಿಯಾ ಸಿಲೆಸ್ಟಿಸ್. ಅದರ ಕೊಂಬೂ ಹಳದಿ, ಮೈಯೂ ನೀಲಿ-ಕಪ್ಪು. ಖಚಿತ ಗುರುತು ಅಂಗಾಲಿನಲ್ಲಿದೆ: ವೆರಿಕೋಸಾದ ಅಂಗಾಲಿನ ಮಧ್ಯೆ ಒಂದು ಕಪ್ಪು ಗೆರೆ, ಸಿಲೆಸ್ಟಿಸ್‌ಗೆ ಅದಿಲ್ಲ. ಹಾಗಂತ ಹಿಡಿದು ಮಗುಚಬೇಡಿ. ಬಂಡೆಯ ಅಂಚಿನಲ್ಲಿ ತಿರುಗುವಾಗ ಅದೇ ಮೈ ಎತ್ತುತ್ತದೆ, ಸ್ವಲ್ಪ ಕಾದರೆ ಸಾಕು. ನಿಮ್ಮ ಮೂರನೇ ಫೋಟೋದಲ್ಲಿ ಆ ಗೆರೆ ಚೂರು ಕಾಣುತ್ತಿದೆ. ಪುಣ್ಯ.

ಮುಟ್ಟಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಇದರ ಲೋಳೆಯಿಂದ ಮೀನು, ಸಿಗಡಿ ಸಾಯುತ್ತವೆ ಅಂತ ಹವಾಯಿಯಲ್ಲಿ 1963ರಲ್ಲೇ ದಾಖಲಾಯಿತು. ಆ ವಿಷ ಇದರ ಸ್ವಂತ ತಯಾರಿಕೆಯಲ್ಲ. ಇದು ತಿನ್ನುವುದು ಸ್ಪಂಜು. ಸ್ಪಂಜಿನ ವಿಷವನ್ನು ಅರಗಿಸಿ ಬಿಡದೆ ಚರ್ಮದಲ್ಲಿ ಕೂಡಿಡುತ್ತದೆ. ಆಮೇಲೆ ಹಾಡಹಗಲಲ್ಲಿ ಬಂಡೆಯ ಮೇಲೆ ಯಾರ ಹೆದರಿಕೆಯೂ ಇಲ್ಲದೆ ಓಡಾಡುತ್ತದೆ. ಓಡಾಡುತ್ತದೆ ಅಂದೆ, ತೆವಳುತ್ತದೆ ಅನ್ನಬೇಕಿತ್ತು.

ತಮಾಷೆ ಏನೆಂದರೆ, ಇಷ್ಟೆಲ್ಲ ಬಣ್ಣ ಅದಕ್ಕೇ ಕಾಣುವುದಿಲ್ಲ. ತೋಟದ ಬಸವನ ಹುಳುವಿಗೆ ಕಣ್ಣು ಕೊಂಬಿನ ತುದಿಯಲ್ಲಿದೆ. ಕಡಲಬಸವನ ಕಣ್ಣು ಚರ್ಮದೊಳಗೆ ಹೂತ ಎರಡು ಚುಕ್ಕಿ, ಬೆಳಕು ಕತ್ತಲೆ ಬಿಟ್ಟು ಹೆಚ್ಚೇನೂ ತಿಳಿಯುವುದಿಲ್ಲ. ಅದರ ಕೊಂಬು ಇರುವುದು ವಾಸನೆ ಹಿಡಿಯಲಿಕ್ಕೆ. ಬಣ್ಣ ಏನಿದ್ದರೂ ಮೀನುಗಳಿಗೆ ಹಾಕಿದ ಬೋರ್ಡು.

ಪ್ರಶ್ನೆ (ವಿರಾಜಪೇಟೆಯಿಂದ): ನೇತ್ರಾಣಿಯಲ್ಲಿ ತೆಗೆದದ್ದು. ನೀರಿನಲ್ಲಿ ನೋಡಿದಾಗಲೂ, ಫೋಟೋದಲ್ಲೂ ಮಾಸಲು ಹಸಿರು. ಅಂಚಿನಲ್ಲಿ ಕಪ್ಪು ಗೆರೆ. ಅಂಚು ಪೂರ್ತಿ ಅಲೆ ಅಲೆಯಾಗಿದೆ. ಪುಸ್ತಕದಲ್ಲಿ ಹಸಿರು ಬಣ್ಣದ್ದು ಯಾವುದೂ ಹೊಂದುತ್ತಿಲ್ಲ.

ಉತ್ತರ: ಹಸಿರು ಹುಳುವಿನದಲ್ಲ, ನೀರಿನದು. ಕೆಂಪು ಮೊದಲ ಕೆಲವೇ ಮೀಟರುಗಳಲ್ಲಿ ಮಾಯವಾಗುತ್ತದೆ, ಅದರ ಹಿಂದೆ ಕಿತ್ತಳೆ ಹೋಗುತ್ತದೆ, ಆಮೇಲೆ ಹಳದಿ. ಟಾರ್ಚ್ ಹಾಕಿದ್ದರೆ ನಿಮಗೆ ಹಾಲಿನ ಕೆನೆ ಬಣ್ಣ ಕಾಣುತ್ತಿತ್ತು. ಕೆನೆ ಬಣ್ಣದ ಮೈ, ಮಡಿಕೆ ಮಡಿಕೆಯಾದ ಅಂಚು, ಅದಕ್ಕೆ ಕಪ್ಪು ಗೆರೆ, ಕಪ್ಪು ಕೊಂಬು, ಕಿವಿರಿನ ಗರಿಗಳಿಗೂ ಕಪ್ಪು ಅಂಚು: ಇದು ಡೋರಿಪ್ರಿಸ್ಮಾಟಿಕಾ ಆಟ್ರೊಮಾರ್ಜಿನೇಟಾ. ನಮ್ಮ ಸುತ್ತಲಿನ ಬಿಸಿ ಕಡಲುಗಳಲ್ಲಿ ಸಾಕಷ್ಟು ಸಿಗುವ ಜಾತಿ. 1804ರಲ್ಲೇ ಇದಕ್ಕೆ ಹೆಸರಿಟ್ಟವರು ಫ್ರಾನ್ಸಿನ ಕ್ಯುವಿಯೇ. ನಿಮ್ಮ ಪುಸ್ತಕ ಹಳೆಯದಾದರೆ ಗ್ಲೊಸೊಡೊರಿಸ್ ಅಂತ ಹುಡುಕಿ. ಈ ಕುಟುಂಬದ ಹೆಸರುಗಳು 2012ರಲ್ಲಿ ಬಹಳಷ್ಟು ಬದಲಾದವು. ನನಗೇ ಇನ್ನೂ ಹಳೆಯ ಹೆಸರು ಬಾಯಿಗೆ ಬರುತ್ತದೆ.

ಪ್ರಶ್ನೆ (ಮಡಿಕೇರಿಯಿಂದ): ಅಂಡಮಾನಿನಲ್ಲಿ ತೆಗೆದ ಎರಡು ಫೋಟೋ ಕಳಿಸಿದ್ದೇನೆ. ಎರಡೂ ನೀಲಿ, ಎರಡಕ್ಕೂ ಉದ್ದಕ್ಕೆ ಕಪ್ಪು ಗೆರೆ. ಒಂದೇ ಜಾತಿ ಎಂದು ನಾನು, ಎರಡು ಎಂದು ಹೆಂಡತಿ. ತೀರ್ಪು ನೀವು ಹೇಳಬೇಕು.

ಉತ್ತರ: ಗಂಡ ಹೆಂಡಿರ ಜಗಳದಲ್ಲಿ ಬೀಳಬಾರದು ಅಂತಾರೆ. ಬಿದ್ದಾಯಿತು. ಹೆಂಡತಿ ಹೇಳಿದ್ದೇ ಸರಿ ಇರುವ ಹಾಗಿದೆ.

ಇವೆರಡೂ ಕ್ರೊಮೊಡೊರಿಸ್ ಗುಂಪಿನವು. ಗುರುತು ಹಿಡಿಯುವವರಿಗೆ ಇದಕ್ಕಿಂತ ತಲೆನೋವಿನ ಗುಂಪು ಇನ್ನೊಂದಿಲ್ಲ. ಮೊದಲನೆಯದರ ನೀಲಿ ಜಾಗವನ್ನು ದೊಡ್ಡದು ಮಾಡಿ ನೋಡಿ. ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕಿಗಳಿವೆ. ಕೊಂಬು, ಕಿವಿರು ಕಿತ್ತಳೆ ಬಣ್ಣ. ಅದು ಕ್ರೊಮೊಡೊರಿಸ್ ಆನೆ. ನಮ್ಮ ತೋಟಕ್ಕೆ ನುಗ್ಗುವ ಆನೆಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಹಾಗೆ ಬಂದಿದೆ. ಎರಡನೆಯದರ ನೀಲಿ ನುಣ್ಣಗಿದೆ, ಚುಕ್ಕಿ ಇಲ್ಲ. ಅದು ಕ್ರೊಮೊಡೊರಿಸ್ ಎಲಿಸಬೆಥಿನಾ ಇರಬೇಕು. ಎರಡಕ್ಕೂ 1877ರಲ್ಲಿ ಹೆಸರಿಟ್ಟವರು ಬರ್ಗ್ ಎಂಬ ಒಬ್ಬರೇ. ಅಂಚಿನಲ್ಲಿ ಕಿತ್ತಳೆಯ ಪಟ್ಟಿಯೇ ಇಲ್ಲದೆ ಬರೀ ತಿಳಿನೀಲಿ, ಕಪ್ಪು ಗೆರೆ ಇದ್ದಿದ್ದರೆ ಕ್ರೊಮೊಡೊರಿಸ್ ಲೋಚಿ ಕಡೆಗೆ ಯೋಚಿಸಬೇಕಿತ್ತು.

ಇಲ್ಲಿ ಸೀರೆ ನೋಡುವ ಕಣ್ಣು ಕೆಲಸಕ್ಕೆ ಬರುತ್ತದೆ. ಅಂಗಡಿಯಲ್ಲಿ ನಾವು ಗಂಡಸರು ನೀಲಿ ಸೀರೆ ಅಂತೇವೆ. ಹೆಂಗಸರು ಅಂಚು ನೋಡುತ್ತಾರೆ: ಹೊರಗೆ ಯಾವ ಬಣ್ಣ, ಅದರ ಒಳಗೆ ಯಾವುದು, ಎಷ್ಟು ಅಗಲ. ಕಡಲಬಸವಗಳಲ್ಲೂ ಅಂಚಿನ ಬಣ್ಣಗಳ ಸಾಲು ಮೈಬಣ್ಣಕ್ಕಿಂತ ಹೆಚ್ಚು ಹೇಳುತ್ತದೆ. ಬಿಳಿ ಹೊರಗೆ, ಕಿತ್ತಳೆ ಒಳಗೆ ಅನ್ನುವುದೂ, ಕಿತ್ತಳೆ ಹೊರಗೆ, ಬಿಳಿ ಒಳಗೆ ಅನ್ನುವುದೂ ಬೇರೆ ಬೇರೆ ಜಾತಿಯಾಗಬಹುದು.

'ಇರುವ ಹಾಗಿದೆ', 'ಇರಬೇಕು' ಅಂದದ್ದಕ್ಕೆ ಕಾರಣ ಇದೆ. ಈ ಗುಂಪಿನ ಡಿಎನ್‌ಎ ನೋಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಂದೇ ಜಾತಿಯೊಳಗೆ ಬೇರೆ ಬೇರೆ ವಿನ್ಯಾಸ ಇರುವುದೂ, ಬೇರೆ ಬೇರೆ ಜಾತಿಗಳು ಒಂದೇ ವಿನ್ಯಾಸ ಹೊತ್ತು ಓಡಾಡುವುದೂ ಅದರಲ್ಲಿ ಗೊತ್ತಾಯಿತು. ವಿಷ ಇರುವವು ಒಂದೇ ಸಮವಸ್ತ್ರ ಹಾಕಿಕೊಂಡರೆ ಎಲ್ಲಕ್ಕೂ ಲಾಭ. ಒಂದನ್ನು ಕಚ್ಚಿ ಉಗಿದ ಮೀನು ಉಳಿದವುಗಳನ್ನೂ ಬಿಡುತ್ತದೆ. ಆದ್ದರಿಂದ ಫೋಟೋ ನೋಡಿ ನೂರಕ್ಕೆ ನೂರು ಅಂತ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ. ಹಿಂದೆ ನಾನೂ ಹಾಗೆ ಹೇಳಿದ್ದೇನೆ. ಒಮ್ಮೆ ಒಬ್ಬರಿಗೆ ಫಿಲಿಡಿಯೆಲ್ಲಾ ಅಂತ ಗಟ್ಟಿಯಾಗಿ ಬರೆದು ಕಳಿಸಿದೆ. ವಾರ ಬಿಟ್ಟು ಇನ್ನೊಮ್ಮೆ ನೋಡಿದರೆ ಅದು ಕಡಲಬಸವವೇ ಅಲ್ಲ, ಅದರ ವೇಷ ಹಾಕಿದ ಚಪ್ಪಟೆ ಹುಳು. ನಮ್ಮ ತೋಟಗಳಲ್ಲಿ ಮಳೆಗಾಲದಲ್ಲಿ ಸುತ್ತಿಗೆ ತಲೆಯ ಅಂಟು ಹುಳು ಕಾಣುತ್ತದಲ್ವಾ, ಅದರ ಬಳಗದ್ದು. ಚಪ್ಪಟೆ ಹುಳು ಕಾಗದದಷ್ಟು ತೆಳು. ಕಿವಿರಿಲ್ಲ. ಕೊಂಬು ಅಂತ ಕಾಣುವುದು ಮೈಯ ಮುಂದಿನ ಅಂಚನ್ನೇ ಮಡಚಿ ಎತ್ತಿದ್ದು. ನಿಜವಾದ ಕೊಂಬು ಬೆನ್ನಿನಿಂದ ಹುಟ್ಟುತ್ತದೆ, ಅದಕ್ಕೆ ತೂತು, ಬುಡ ಎಲ್ಲ ಇರುತ್ತದೆ.

ಮುಂದಿನ ಸಲ ಮೂರು ಫೋಟೋ ತೆಗೆಯಿರಿ: ಮೇಲಿನಿಂದ ಪೂರ್ತಿ ಮೈ, ಪಕ್ಕದಿಂದ ಕೊಂಬು, ಹಿಂದಿನಿಂದ ಕಿವಿರು. ಅದು ಯಾವುದರ ಮೇಲೆ ಕೂತಿತ್ತು ಅನ್ನುವುದನ್ನೂ ಬರೆದಿಡಿ. ಹೆಚ್ಚಿನವು ತಮ್ಮ ಊಟದ ಮೇಲೇ ಕೂತಿರುತ್ತವೆ, ಊಟ ಗೊತ್ತಾದರೆ ಅರ್ಧ ಹೆಸರು ಗೊತ್ತಾದ ಹಾಗೆ.

ಪ್ರಶ್ನೆ (ಸೋಮವಾರಪೇಟೆಯಿಂದ): ಲಕ್ಷದ್ವೀಪದಲ್ಲಿ ರಾತ್ರಿ ಡೈವ್‌ನಲ್ಲಿ ಮಗ ನೋಡಿದ್ದು. ಕೆಂಪು ಬಟ್ಟೆ ನೀರಿನಲ್ಲಿ ತಾನಾಗಿ ಅಲೆಯಾಡುತ್ತಾ ಈಜುತ್ತಿತ್ತಂತೆ. ಹತ್ತಿರದ ಬಂಡೆಯಲ್ಲಿ ಗುಲಾಬಿ ಹೂವಿನಂಥದ್ದು ಅಂಟಿತ್ತಂತೆ. ಎರಡಕ್ಕೂ ಸಂಬಂಧ ಇದೆಯೇ?

ಉತ್ತರ: ಇದೆ. ಕೆಂಪು ಬಟ್ಟೆ ಹೆಕ್ಸಾಬ್ರಾಂಕಸ್, ಡೈವರ್‌ಗಳ ಬಾಯಲ್ಲಿ ಸ್ಪ್ಯಾನಿಷ್ ಡಾನ್ಸರ್. ಕಡಲಬಸವಗಳಲ್ಲಿ ಬಲು ದೊಡ್ಡದು, 40 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಹಗಲು ಅಂಚು ಸುರುಳಿ ಸುತ್ತಿಕೊಂಡು ಸುಮ್ನೆ ಮಲಗಿರುತ್ತದೆ. ಗುಲಾಬಿ ಹೂವು ಅದೇ ಜಾತಿಯ ಮೊಟ್ಟೆಗಳ ರಿಬ್ಬನ್, ಸುತ್ತಿ ಸುತ್ತಿ ಇಟ್ಟದ್ದು. ಮಗ ಇನ್ನೊಮ್ಮೆ ಹೋದರೆ ಕಿವಿರಿನ ಸಂದಿಯಲ್ಲಿ ಹುಡುಕಲಿ, ಕೆಂಪು ಬಿಳಿ ಬಣ್ಣದ ಒಂದು ಪುಟ್ಟ ಸಿಗಡಿ ಅಲ್ಲಿ ಬಾಡಿಗೆಗೆ ಇರುವುದುಂಟು.

ಪ್ರಶ್ನೆ (ಶನಿವಾರಸಂತೆಯಿಂದ): ನಮ್ಮ ತೋಟದ ಆಫ್ರಿಕನ್ ಬಸವನ ಹುಳುವಿಗೆ ಉಪ್ಪು ಹಾಕಿದರೆ ಕರಗಿ ಸಾಯುತ್ತದೆ. ಇವು ಉಪ್ಪುನೀರಲ್ಲೇ ಬದುಕುತ್ತವಲ್ಲ, ಹೇಗೆ? ಮನೆಯ ಅಕ್ವೇರಿಯಂನಲ್ಲಿ ಸಾಕಬಹುದೇ?

ಉತ್ತರ: ಒಳ್ಳೆಯ ಪ್ರಶ್ನೆ. ತೋಟದ ಹುಳು ನಿಜವಾಗಿ ಕರಗುವುದಿಲ್ಲ, ಒಣಗುತ್ತದೆ. ಅದರ ಮೈಯೊಳಗಿನ ನೀರಿನಲ್ಲಿ ಉಪ್ಪು ಕಡಿಮೆ. ಹೊರಗೆ ಉಪ್ಪು ಸುರಿದರೆ ಒಳಗಿನ ನೀರು ಚರ್ಮ ದಾಟಿ ಹೊರಗೆ ಬರುತ್ತದೆ. ಉಪ್ಪಿನಕಾಯಿಗೆ ಹಾಕಿದ ಮಾವು ನೀರು ಬಿಡುವ ಹಾಗೆ. ಕಡಲಬಸವನ ಮೈಯೊಳಗಿನ ದ್ರವ ಹೆಚ್ಚುಕಡಿಮೆ ಕಡಲ ನೀರಿನಷ್ಟೇ ಉಪ್ಪು. ಒಳಗೂ ಹೊರಗೂ ಸಮ, ನೀರಿಗೆ ಓಡುವ ಕೆಲಸವಿಲ್ಲ. ಅದನ್ನು ಹಾರಂಗಿಯ ಸಿಹಿನೀರಿಗೆ ಬಿಟ್ಟರೆ ಉಲ್ಟಾ ಆಗುತ್ತದೆ: ನೀರು ಒಳಗೆ ನುಗ್ಗಿ ಮೈ ಊದಿ ಸಾಯುತ್ತದೆ.

ಸಾಕಬೇಡಿ. ಎಷ್ಟೋ ಜಾತಿಗಳು ಒಂದೆರಡು ಬಗೆಯ ಸ್ಪಂಜು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಉಪವಾಸ ಬಿದ್ದು ಸಾಯುತ್ತವೆ. ತೋಟಕ್ಕೂ ಉಪ್ಪು ಸುರಿಯಬೇಡಿ, ಕಾಫಿ ಬೇರಿಗೆ ಕೇಡು.

ಪ್ರಶ್ನೆ (ಪೊನ್ನಂಪೇಟೆಯ ನಿವೃತ್ತ ಶಿಕ್ಷಕರು): ಇವುಗಳನ್ನು ನಮ್ಮ ದೇಶದಲ್ಲಿ ಮೊದಲು ಯಾರು ಗಮನಿಸಿದರು? ಅಂಡಮಾನಿನಿಂದ ಮೊಮ್ಮಗಳು ಕಳಿಸಿದ ಫೋಟೋ ಕೂಡ ಇದೆ. ಸುಮಾರು ಹೆಬ್ಬೆರಳಿನಷ್ಟು, ಬಿಳಿ, ಕಪ್ಪು ಗೆರೆ, ಹಳದಿ ಮುಳ್ಳು. ಇದೂ ಫಿಲಿಡಿಯಾ ತಾನೆ?

ಉತ್ತರ: ಮೊದಲಿನ ಪ್ರಶ್ನೆಗೆ ಉತ್ತರ ಹುಡುಕಿದರೆ ಕಿತ್ತೂರಿಗೆ ಬರಬೇಕಾಗುತ್ತದೆ ಅಂದರೆ ನಂಬುತ್ತೀರಾ ಮೇಷ್ಟ್ರೇ? 1824ರಲ್ಲಿ ಕಿತ್ತೂರು ಚೆನ್ನಮ್ಮನ ಕಡೆಯವರು ಸೆರೆ ಹಿಡಿದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಕೆಲವು ವಾರಗಳ ನಂತರ ಬಿಡುಗಡೆಯಾಯಿತು. ಆಮೇಲೆ ಕನ್ನಡ ಸೀಮೆಯಲ್ಲೇ ಇದ್ದು ನೂರಾರು ಶಾಸನಗಳ ನಕಲು ಮಾಡಿಸಿದ. ಇತಿಹಾಸದವರಿಗೆ ಅವನು ಗೊತ್ತಿರುವುದು ಇಂಥ ಕೆಲಸಗಳಿಗೆ. ಮುಂದೆ ಪೂರ್ವ ಕರಾವಳಿಗೆ, ಈಗಿನ ವಿಶಾಖಪಟ್ಟಣದ ವಾಲ್ಟೇರಿಗೆ ಹೋದಾಗ ಅವನಿಗೆ ಹಿಡಿದದ್ದು ಕಡಲಬಸವಗಳ ಹುಚ್ಚು. ಸಂಗ್ರಹಿಸಿದ, ಜೊತೆಗೆ ಚಿತ್ರ, ಟಿಪ್ಪಣಿ ಇಟ್ಟ. ಆಲ್ಡರ್ ಮತ್ತು ಹ್ಯಾನ್ಕಾಕ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಕೂತು ಅವನ್ನು ನೋಡಿ 1864ರಲ್ಲಿ ವಿವರ ಪ್ರಕಟಿಸಿದರು. ಅದರಲ್ಲೊಂದಕ್ಕೆ ಕಳಿಂಗ ಆರ್ನೇಟಾ ಅಂತ ಹೆಸರು. ಹೌದು, ಅಶೋಕನ ಕಳಿಂಗವೇ. ಅದೇ ಕಾಲದ ಸುಮಾರಿಗೆ ಸಿಂಹಳದ ತ್ರಿಂಕೋಮಲಿಯಲ್ಲಿ ಕೆಲಾರ್ಟ್ ಎಂಬ ವೈದ್ಯನೂ ಇದೇ ಕೆಲಸ ಮಾಡುತ್ತಿದ್ದ.

ಚಿತ್ರ ಯಾಕೆ ಬೇಕಿತ್ತು ಅಂದರೆ, ಸ್ಪಿರಿಟ್ಟಿನಲ್ಲಿ ಹಾಕಿದ ಕಡಲಬಸವ ಕೆಲವೇ ದಿನಗಳಲ್ಲಿ ಬಣ್ಣ ಬಿಟ್ಟು ಬೇಯಿಸಿದ ಹಲಸಿನ ತೊಳೆಯಂತೆ ಆಗುತ್ತದೆ. ಕೊಂಬು, ಕಿವಿರು ಎಲ್ಲ ಒಳಗೆ ಎಳೆದುಕೊಂಡಿರುತ್ತದೆ. ಅದಕ್ಕೇ ಜೀವಂತ ಇರುವಾಗ ಬಿಡಿಸಿದ ಚಿತ್ರಕ್ಕೆ ಅಷ್ಟು ಬೆಲೆ. ನಿಮ್ಮ ಮೊಮ್ಮಗಳ ಫೋನು ಈಗ ಮಾಡುತ್ತಿರುವುದೂ ಅದನ್ನೇ.

ಆ ಫೋಟೋ ಮಾತ್ರ ಫಿಲಿಡಿಯಾ ಅಲ್ಲ. ನಾನೂ ಎರಡು ನಿಮಿಷ ಹೌದು ಅಂದುಕೊಂಡಿದ್ದೆ. ಅದು ಗ್ರೇಫ್‌ನ ಕಡಲ ಸೌತೆಯ (ಹೆಸರು ಸೌತೆ, ಆದರೆ ಕಡಲ ತಳದ ಪ್ರಾಣಿ) ಮರಿ. ಮರಿಯಾಗಿದ್ದಾಗ ಫಿಲಿಡಿಯಾದ ವೇಷ ಹಾಕುತ್ತದೆ, ದೊಡ್ಡದಾದ ಮೇಲೆ ಕಂದು ಬಣ್ಣದ ಉದ್ದ ಸೌತೆಯಾಗುತ್ತದೆ. ಫೋಟೋ ದೊಡ್ಡದು ಮಾಡಿ ಎರಡೂ ತುದಿ ನೋಡಿ. ಕೊಂಬಿಲ್ಲ.